ಸಹಾಯ ಬೇಕು: ಮುತ್ಯಾನ ವಹಿಯಲ್ಲಿ ಎಲ್ಲರ ವಯಸ್ಸೂ 60, 65, 70

ನಮಸ್ಕಾರ್ರಿ. ವಿಜಯಪುರದಲ್ಲಿ ಎಂಎಸ್‌ಸಿ ಸಂಖ್ಯಾಶಾಸ್ತ್ರ ಓದ್ತಿದ್ದೀನಿ. ಇಂಡಿ ಕಡೆ ನಮ್ಮೂರಲ್ಲಿ ತೀರಿಕೊಂಡವರ ಹೆಸರು, ವಯಸ್ಸು, ತಿಥಿ ಎಲ್ಲಾ ನಮ್ಮ ಮುತ್ಯಾ ನಲವತ್ತು ವರ್ಷ ಒಂದು ವಹಿಯಲ್ಲಿ ಬರೆದಿಟ್ಟಿದ್ದರು. ಅದಕ್ಕೆ ಬ್ರಿಟಿಷ್ ಗಣಿತಜ್ಞ ಬೆಂಜಮಿನ್ ಗೊಂಪರ್ಟ್ಜ್ 1825ರಲ್ಲಿ ಕೊಟ್ಟ, ವಯಸ್ಸಿನ ಜೊತೆ ಸಾವಿನ ದರ ಹೇಗೆ ಏರುತ್ತದೆ ಎನ್ನುವ ಸೂತ್ರ ಹೊಂದಿಸಲು ಕೂತಿದ್ದೀನಿ. ಅದರ ಪ್ರಕಾರ ನಡುವಯಸ್ಸಿನಿಂದ ಆಚೆ ಸಾವಿನ ದರ ಸುಮಾರು ಎಂಟು ವರ್ಷಕ್ಕೊಮ್ಮೆ ದುಪ್ಪಟ್ಟಾಗುತ್ತದೆ. ಆ ದರದ ಲಾಗ್ (ಲಾಗರಿದಮ್) ತೆಗೆದು ವಯಸ್ಸಿನ ಎದುರು ಗುರುತಿಸಿದರೆ ನೇರ ಗೆರೆ ಬರಬೇಕು. ನನಗೆ ಬಂದದ್ದು ಗರಗಸದ ಹಲ್ಲು.

ತಪ್ಪು ಸೂತ್ರದ್ದಲ್ಲ. ಹುಟ್ಟಿದ ತಾರೀಖು ಯಾರಿಗೂ ಗೊತ್ತಿರಲಿಲ್ಲ, ಅದಕ್ಕೇ ವಯಸ್ಸೆಲ್ಲಾ 60, 65, 70 ಹೀಗೆ ಅಂದಾಜಿನವು. ಒಂದು ಕಡೆ ಮುತ್ಯಾ ‘70’ ಬರೆದು, ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ‘ಬರಗಾಲದಾಗ ಹುಟ್ಟಿದಾಕಿ’ ಅಂತ ಸೇರಿಸಿದ್ದಾರೆ. ಆ ಸಾಲು ಅಳಿಸಿಹೋಗುವ ಹಾಗಿದೆ, ನೋಡಿದರೆ ಸಂಕಟ ಆಗುತ್ತದೆ.

58–62, 63–67 ಹೀಗೆ ಗುಂಪು ಮಾಡಿದರೆ ಸಾಕೇ? ಇನ್ನೂ ದೊಡ್ಡ ತೊಡಕು: ಸತ್ತವರ ಲೆಕ್ಕ ಇದೆ, ಆಯಾ ವಯಸ್ಸಿನಲ್ಲಿ ಬದುಕಿದ್ದವರ ಲೆಕ್ಕ ಇಲ್ಲ, ಅದಿಲ್ಲದೆ ದರ ಸಿಗದು. ಜನಗಣತಿಯ ತಾಲ್ಲೂಕು ಅಂಕಿಯಿಂದ ಅಂದಾಜಿಸಬಹುದೇ? ವಯಸ್ಸಿಗೆ ಸಂಬಂಧವಿಲ್ಲದ ಸಾವುಗಳಿಗೆಂದು ಮೇಕ್‌ಹ್ಯಾಮ್ ಎಂಬವರು 1860ರಲ್ಲಿ ಇದೇ ಸೂತ್ರಕ್ಕೆ ಸೇರಿಸಿದ ಸ್ಥಿರಾಂಕವನ್ನೂ ಹಾಕಬೇಕೆಂದಿದ್ದೀನಿ, ಹಾವು ಕಡಿದು, ಬಾವಿಗೆ ಬಿದ್ದು ಹೋದವರು ವಹಿಯಲ್ಲಿ ಬಹಳ ಇದ್ದಾರೆ.

ಆರ್ (R) ಎಂಬ ಸಂಖ್ಯಾಶಾಸ್ತ್ರದ ಕಂಪ್ಯೂಟರ್ ಭಾಷೆಯಲ್ಲಿ ಇಂಥ ಕೆಲಸ ಮಾಡಿದವರಿದ್ದರೆ ದಯವಿಟ್ಟು ತಿಳಿಸಿರಿ. ವಹಿಯ ಅಂಕಿಗಳನ್ನು ಹೆಸರು ತೆಗೆದು ಕಳಿಸ್ತೀನಿ.