ಸೋತು ಸೊರಗಿದ ಕಾಲೇಜ್ ಫುಟ್‌ಬಾಲ್ ತಂಡ: ಹಣ, ಗಮನ ಮೊದಲು ಎಲ್ಲಿಗೆ?

ಕೇಳಿದವರು, ಒಹಾಯೊ: ನಾವು ಓದಿದ ಕಾಲೇಜಿನ ತಂಡ (ಅಮೆರಿಕನ್ ಫುಟ್‌ಬಾಲ್, ಎಫ್‌ಬಿಎಸ್ ಅಂದರೆ ಕಾಲೇಜ್ ಆಟದ ಅತಿ ಮೇಲಿನ ಮಟ್ಟ) ನಾಲ್ಕು ವರ್ಷದಿಂದ ಸೀಸನ್‌ಗೆ ಮೂರು ಗೆಲುವು ದಾಟಿಲ್ಲ. ಹೊಸ ಹೆಡ್ ಕೋಚ್ ಬಂದಿದ್ದಾರೆ. ಹಳೇ ವಿದ್ಯಾರ್ಥಿಗಳ ಸಮಿತಿಯಲ್ಲಿ ಒಬ್ಬರು ಹೊಸ ಲಾಕರ್ ರೂಮ್ ಅಂತಾರೆ, ಇನ್ನೊಬ್ಬರು ಸ್ಟಾರ್ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವವನು) ಅಂತಾರೆ. ಗೆಲ್ಲುವ ಸಂಸ್ಕೃತಿ ಕಟ್ಟೋದು ಎಲ್ಲಿಂದ ಶುರು? ಅನುಭವ ಇದ್ದವರು ಹೇಳಿ.

ಇಂಡಿಯಾನಾದಿಂದ: ಎರಡೂ ಬೇಡ ಸರ್, ಮೊದಲು ಆಫೆನ್ಸಿವ್ ಲೈನ್, ಅಂದರೆ ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವ ಮುಂದಿನ ಐವರು. ಕೊಲೊರಾಡೊ 2023ರಲ್ಲಿ ಹೆಚ್ಚುಕಡಿಮೆ ಇಡೀ ತಂಡವನ್ನೇ ಬದಲಿಸಿತು. ಕ್ವಾರ್ಟರ್‌ಬ್ಯಾಕ್ ಒಳ್ಳೆಯವನೇ, ಆದರೆ ಮುಂದಿನ ಐವರು ತಡೆಯಲಿಲ್ಲ. 50ಕ್ಕೂ ಹೆಚ್ಚು ಸ್ಯಾಕ್ (ಎಸೆಯುವ ಮೊದಲೇ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವುವುದು) ಬಿಟ್ಟುಕೊಟ್ಟು 4-8ಕ್ಕೆ (4 ಗೆಲುವು, 8 ಸೋಲು) ನಿಂತಿತು.

ಇಂಡಿಯಾನಾ ನೋಡಿ. 2023ರಲ್ಲಿ 3-9. ಕರ್ಟ್ ಸಿಗ್ನೆಟಿ ಹೆಡ್ ಕೋಚ್ ಆಗಿ ಬಂದ ಮೇಲೆ 2024ರಲ್ಲಿ 11-2, ಅದರ ಮುಂದಿನ ಸೀಸನ್‌ನಲ್ಲಿ 16-0, ರಾಷ್ಟ್ರೀಯ ಚಾಂಪಿಯನ್. ಅವರು ತಾವು ಮೊದಲು ಕೋಚ್ ಆಗಿದ್ದ ಜೇಮ್ಸ್ ಮ್ಯಾಡಿಸನ್ ವಿಶ್ವವಿದ್ಯಾಲಯದಿಂದ ತಮ್ಮದೇ 13 ಆಟಗಾರರನ್ನು ಕರೆತಂದರು. ಪ್ರಾಕ್ಟೀಸ್ ಹೇಗೆ ನಡೆಯುತ್ತೆ, ಏನು ಸಹಿಸಲ್ಲ ಅನ್ನೋದು ಆ ಹುಡುಗರಿಗೆ ಮೊದಲೇ ಗೊತ್ತಿತ್ತು. ಉಳಿದವರು ಅವರನ್ನು ನೋಡಿ ಕಲಿತರು. ಗೋಡೆ ಮೇಲೆ ಘೋಷಣೆ ಬರೆಸಿದರೆ ಈ ಕೆಲಸ ಆಗಲ್ಲ.

ಪೋರ್ಟಲ್‌ನಲ್ಲಿ (ಕಾಲೇಜು ಬದಲಿಸಲು ಬಯಸುವ ಆಟಗಾರರ ಪಟ್ಟಿ) ಎತ್ತರ, ತೂಕ, ಹೈಸ್ಕೂಲಿನ ಸ್ಟಾರ್ ರೇಟಿಂಗ್ ನೋಡಿ ಮರುಳಾಗಬೇಡಿ. ಸಣ್ಣ ಕಾಲೇಜಲ್ಲಾದರೂ ಸರಿ, ಎರಡು ಸೀಸನ್ ಸ್ಟಾರ್ಟರ್ ಆಗಿ ಆಡಿದವನನ್ನು ಹುಡುಕಿ. ದೊಡ್ಡ ಕಾಲೇಜಿನಲ್ಲಿ ಬೆಂಚ್ ಕಾಯ್ದವನು ನಿಮ್ಮಲ್ಲಿಗೆ ಬಂದ ಮಾತ್ರಕ್ಕೆ ಆಟಗಾರ ಆಗಲ್ಲ. ಈಗ ಪೋರ್ಟಲ್ ತೆರೆಯೋದು ಜನವರಿ 2ರಿಂದ 16ರವರೆಗೆ ಮಾತ್ರ, ವಸಂತದ ಅವಕಾಶ ರದ್ದಾಗಿದೆ. ಹಾಗಾಗಿ ವಸಂತದ 15 ಪ್ರಾಕ್ಟೀಸ್ ನೋಡಿ ಆಮೇಲೆ ತುಂಬಿಕೊಳ್ಳೋಣ ಅನ್ನೋ ಹಳೇ ಲೆಕ್ಕ ನಡೆಯಲ್ಲ. ಆಡಲು ಸಿದ್ಧ ಇರುವ ಎಂಟು ಆಫೆನ್ಸಿವ್ ಲೈನ್‌ಮನ್‌ಗಳು ಜನವರಿಯಲ್ಲೇ ಕೈಯಲ್ಲಿರಬೇಕು. ಐವರಿದ್ದರೆ ಅಕ್ಟೋಬರ್ ಹೊತ್ತಿಗೆ ಇಬ್ಬರು ಗಾಯಾಳು.

ಟೆನೆಸಿಯಿಂದ: ಒಂದು ತಕರಾರು. ವ್ಯಾಂಡರ್‌ಬಿಲ್ಟ್ 2023ರಲ್ಲಿ 2-10. ಮರುವರ್ಷ ನ್ಯೂ ಮೆಕ್ಸಿಕೊ ಸ್ಟೇಟ್‌ನಿಂದ ಕ್ವಾರ್ಟರ್‌ಬ್ಯಾಕ್ ಡಿಯಾಗೊ ಪಾವಿಯಾ ಬಂದ, ಅಲಬಾಮವನ್ನು 40-35ರಿಂದ ಸೋಲಿಸಿದರು, ಸೀಸನ್ 7-6. ಆದರೆ ಅವನೊಬ್ಬನೇ ಬರಲಿಲ್ಲ. ಅಲ್ಲಿ ಅವನನ್ನು ಆಡಿಸುತ್ತಿದ್ದ ಆಫೆನ್ಸಿವ್ ಕೋ-ಆರ್ಡಿನೇಟರ್ (ದಾಳಿಯ ಆಟ ರೂಪಿಸುವ ಕೋಚ್) ಟಿಮ್ ಬೆಕ್ ಕೂಡ ಬಂದರು. ಕ್ವಾರ್ಟರ್‌ಬ್ಯಾಕ್‌ಗೆ ಹಣ ಹಾಕೋದಾದರೆ ಅವನಿಗೆ ಆ ಆಟದ ಪದ್ಧತಿ ಗೊತ್ತಿದೆಯಾ ಅಂತ ಮೊದಲು ವಿಚಾರಿಸಿ.

ಕಾನ್ಸಸ್‌ನಿಂದ: ಇಂಡಿಯಾನಾ ಅಪರೂಪದ ಉದಾಹರಣೆ, ಸಮಿತಿಗೆ ಅದನ್ನೇ ತೋರಿಸಿದರೆ ಎರಡನೇ ವರ್ಷಕ್ಕೇ ಕೋಚ್ ತಲೆದಂಡ ಕೇಳ್ತಾರೆ. ಬಿಲ್ ಸ್ನೈಡರ್ ಕೋಚ್ ಆಗಿ ಕಾನ್ಸಸ್ ಸ್ಟೇಟ್‌ಗೆ ಬಂದಾಗ ಆ ತಂಡ ಎರಡು ಸೀಸನ್‌ನಿಂದ ಒಂದೂ ಪಂದ್ಯ ಗೆದ್ದಿರಲಿಲ್ಲ. 1989ರಲ್ಲಿ 1 ಗೆಲುವು, 1990ರಲ್ಲಿ 5, 1991ರಲ್ಲಿ 7, 1993ರಲ್ಲಿ 9. ಎರಡು ವರ್ಷದ ಜೂನಿಯರ್ ಕಾಲೇಜುಗಳಿಂದ ಪಳಗಿದ ಹುಡುಗರನ್ನು ತಂದರು. ಕಾನ್ಫರೆನ್ಸ್ (ತಮ್ಮ ಲೀಗ್) ಹೊರಗಿನ ಪಂದ್ಯಗಳಿಗೆ ಸುಲಭದ ಎದುರಾಳಿಗಳನ್ನೇ ಆರಿಸಿದರು. ಜನ ನಕ್ಕರು, ನಗಲಿ.

ಈ ವೇಳಾಪಟ್ಟಿ ವಿಷಯದಲ್ಲಿ ನಿಮ್ಮ ಸಮಿತಿ ನಿಜವಾಗಿ ಏನಾದರೂ ಮಾಡಬಹುದು. ದುಡ್ಡಿಗಾಗಿ ದೊಡ್ಡ ಕಾಲೇಜಿನ ಮೈದಾನಕ್ಕೆ ಹೋಗಿ ಹೊಡೆಸಿಕೊಂಡು ಬರುವ ಪಂದ್ಯ ಸೆಪ್ಟೆಂಬರಿನಲ್ಲಿ ಎರಡಿದ್ದರೆ, ಸೋಲಿಗಿಂತ ಗಾಯಗಳೇ ಕಾಡುತ್ತವೆ. ಎರಡನೆಯದರ ವರಮಾನವನ್ನು ದಾನಿಗಳು ತುಂಬಿಕೊಟ್ಟರೆ ಅದು ಲಾಕರ್ ರೂಮಿಗಿಂತ ಒಳ್ಳೆಯ ಖರ್ಚು. ಬೌಲ್ ಪಂದ್ಯಕ್ಕೆ (ಸೀಸನ್ ಮುಗಿದ ಮೇಲಿನ ವಿಶೇಷ ಪಂದ್ಯ) 12ರಲ್ಲಿ 6 ಗೆಲುವು ಬೇಕು, ಎಫ್‌ಸಿಎಸ್ (ಒಂದು ಮಟ್ಟ ಕೆಳಗಿನ) ತಂಡದ ವಿರುದ್ಧದ ಗೆಲುವು ಒಂದು ಮಾತ್ರ ಲೆಕ್ಕಕ್ಕೆ.

ಟೆಕ್ಸಸ್, ಸ್ಟ್ರೆಂತ್ ಅಂಡ್ ಕಂಡೀಷನಿಂಗ್ ಕಡೆಯವರು: ಹೊಸ ಕೋಚ್ ಬಂದ ಮೊದಲ ಜನವರಿ ಅತ್ಯಂತ ಅಪಾಯದ ತಿಂಗಳು. "ಗಟ್ಟಿಗರು ಉಳಿಯಲಿ" ಅಂತ ಮೊದಲ ವಾರವೇ ಹುಡುಗರನ್ನು ಹಿಂಡುತ್ತಾರೆ. ಅಯೋವಾದಲ್ಲಿ 2011ರ ಜನವರಿಯಲ್ಲಿ ರಜೆ ಮುಗಿಸಿ ಬಂದವರಿಗೆ ತಮ್ಮ ಗರಿಷ್ಠದ ಅರ್ಧ ಭಾರ ಹೊತ್ತು 100 ಸ್ಕ್ವಾಟ್ ಮಾಡಿಸಿದರು. ಸ್ನಾಯು ಕರಗಿ ರಕ್ತಕ್ಕೆ ಸೇರುವ ರಾಬ್ಡೋ ಆಗಿ 13 ಜನ ಆಸ್ಪತ್ರೆ ಸೇರಿದರು. ಮೇರಿಲ್ಯಾಂಡ್‌ನಲ್ಲಿ 2018ರಲ್ಲಿ ಜೋರ್ಡನ್ ಮೆಕ್‌ನೇರ್ ಶಾಖಾಘಾತದಿಂದ ತೀರಿಹೋದ. ತಣ್ಣೀರಿನಲ್ಲಿ ಮುಳುಗಿಸುವ ಚಿಕಿತ್ಸೆಯನ್ನೇ ಕೊಟ್ಟಿರಲಿಲ್ಲ.

ಓಟದ ಕಸರತ್ತನ್ನು ಮೊದಲ ವಾರ ಪೂರ್ಣ ಪ್ರಮಾಣಕ್ಕಿಂತ 50%, ಎರಡನೇ ವಾರ 30%, ಆಮೇಲೆ 20%, 10% ಕಡಿಮೆ ಇಡಿ. ಐದನೇ ವಾರ ಪೂರ್ತಿ. ಬೇಸಿಗೆಯಲ್ಲಿ ಮೈದಾನದ ಪಕ್ಕದಲ್ಲೇ ಐಸ್ ನೀರಿನ ತೊಟ್ಟಿ ತುಂಬಿರಲಿ. ಶಾಖಾಘಾತವಾದರೆ ಮೊದಲು ತಣಿಸಬೇಕು, ಆಮೇಲೆ ಆಂಬುಲೆನ್ಸ್. ಸಮಿತಿ ಹಣ ಕೊಡೋದಾದರೆ ಇನ್ನೊಬ್ಬ ಅಥ್ಲೆಟಿಕ್ ಟ್ರೈನರ್ ಸಂಬಳಕ್ಕೆ ಕೊಡಿ. ಕಸರತ್ತು ನಿಲ್ಲಿಸುವ ಅಧಿಕಾರ ಆ ಟ್ರೈನರ್‌ಗೇ ಇರಬೇಕು, ಕೋಚ್‌ಗಲ್ಲ.

ಕೇಳಿದವರು: ತುಂಬಾ ಉಪಕಾರ. ಶಿಸ್ತಿನ ವಿಷಯ? ಮೊದಲ ಸೀಸನ್ನೂ ಸೋತರೆ ದಾರಿ ಸರಿ ಇದೆಯೋ ಇಲ್ಲವೋ ತಿಳಿಯೋದು ಹೇಗೆ?

ಇಂಡಿಯಾನಾದಿಂದ: ನಿಯಮ ಕಡಿಮೆ ಇರಲಿ: ಕ್ಲಾಸು, ಸಮಯ, ಚಿಕಿತ್ಸೆಗೆ ಹಾಜರಿ. ಮೀಟಿಂಗ್ ತಪ್ಪಿಸಿದವನು ಸ್ಟಾರ್ ಆದರೂ ಮೊದಲ ಕ್ವಾರ್ಟರ್ ಹೊರಗೆ. ಹೊಸಬರಿಗೆ ಒಂದು, ಸ್ಟಾರ್ಟರ್‌ಗೆ ಇನ್ನೊಂದು ಅಂತ ಮಾಡಿದ ದಿನವೇ ಉಳಿದ ನೂರು ಜನ ನೋಡಿಕೊಳ್ತಾರೆ. ಕ್ಲಾಸು ಸುಮ್ಮನೆ ಹೇಳಿದ್ದಲ್ಲ, ನಾಲ್ಕು ವರ್ಷದ ಎಪಿಆರ್ (ಆಟಗಾರರ ಓದಿನ ಪ್ರಗತಿಯ ಅಂಕ) ಸರಾಸರಿ 930ಕ್ಕಿಂತ ಇಳಿದರೆ ಬೌಲ್ ಅವಕಾಶವೇ ಹೋಗುತ್ತೆ.

ಪ್ರಾಕ್ಟೀಸ್ ವಿಡಿಯೊದಲ್ಲಿ "ಲೋಫ್" ಎಣಿಸಬೇಕು: ಚೆಂಡಿನ ಕಡೆ ಓಡುವಾಗ ವೇಗ ಇಳಿಸಿದ್ದು, ಹಿಂದಿದ್ದವನು ದಾಟಿ ಹೋಗಲು ಬಿಟ್ಟಿದ್ದು. ಪ್ರತಿ ವಾರ ಪೊಸಿಷನ್ ಕೋಚ್ ಆಯಾ ಗುಂಪಿಗೆ ಲೆಕ್ಕ ತೋರಿಸಲಿ. ಇಡೀ ತಂಡದೆದುರು ಒಬ್ಬನ ಮಾನ ಕಳೆಯೋದು ಬೇಡ, ಆಮೇಲೆ ಹುಡುಗರು ಕ್ಯಾಮೆರಾಗಾಗಿ ಓಡ್ತಾರೆ.

ಕಾನ್ಸಸ್‌ನಿಂದ: ಅಂಕಿ ನೋಡೋದಾದರೆ ಸ್ನ್ಯಾಪ್‌ಗೆ (ಚೆಂಡು ಹಿಂದಕ್ಕೆ ಕೊಟ್ಟು ಆಟ ಶುರು ಮಾಡುವುದು) ಮುಂಚಿನ ಪೆನಾಲ್ಟಿ ಮೊದಲು. ಫಾಲ್ಸ್ ಸ್ಟಾರ್ಟ್, ಆಫ್‌ಸೈಡ್ ತಪ್ಪಿಸೋದಕ್ಕೆ ಪ್ರತಿಭೆ ಬೇಡ, ಗಮನ ಸಾಕು. ಹಾಗಾಗಿ ಮೊದಲು ಇಳಿಯಬೇಕಾದ್ದು ಅವೇ. ಆಮೇಲೆ ಸಕ್ಸೆಸ್ ರೇಟ್: ಬೇಕಾದ ಯಾರ್ಡ್‌ಗಳಲ್ಲಿ ಮೊದಲ ಡೌನ್‌ನಲ್ಲಿ (10 ಯಾರ್ಡ್ ಸಾಗಲು ಸಿಗುವ ನಾಲ್ಕು ಯತ್ನಗಳಲ್ಲಿ ಮೊದಲನೆಯದು) 50%, ಎರಡನೆಯದರಲ್ಲಿ 70%, ಮೂರು-ನಾಲ್ಕರಲ್ಲಿ ಪೂರ್ತಿ ಗಳಿಸಿದ ಆಟಗಳು ಎಷ್ಟು ಅಂತ. ಟರ್ನ್‌ಓವರ್ (ಚೆಂಡು ಎದುರಾಳಿ ಕೈಗೆ ಹೋಗುವುದು) ಅಂತರದಲ್ಲಿ ಅದೃಷ್ಟದ ಪಾಲು ಜಾಸ್ತಿ, ಒಂದೇ ಸೀಸನ್‌ನದ್ದು ನೋಡಿ ಹಿಗ್ಗಲೂ ಬೇಡಿ, ಕುಗ್ಗಲೂ ಬೇಡಿ.

ಇನ್ನೊಂದು, ಪಂಟರ್ (ಚೆಂಡನ್ನು ದೂರಕ್ಕೆ ಒದೆಯುವವನು) ಮತ್ತು ಲಾಂಗ್ ಸ್ನ್ಯಾಪರ್ (ಅವನಿಗೆ ಚೆಂಡು ಹಿಂದಕ್ಕೆ ಎಸೆಯುವವನು). ಪೋರ್ಟಲ್‌ನಲ್ಲಿ ಇವರಿಬ್ಬರೇ ಅಗ್ಗ. ಸಣ್ಣ ಅಂತರದಲ್ಲಿ ಸೋಲುವ ತಂಡಕ್ಕೆ ಅಲ್ಲೇ ಒಂದೆರಡು ಗೆಲುವು ಇರುತ್ತೆ. ಜನವರಿ 2ಕ್ಕೇ ಇವರ ಹೆಸರು ಪಟ್ಟಿಯಲ್ಲಿರಲಿ.