ಅಪ್‌ಡೇಟ್: 30 ವಾರಕ್ಕೆ ಹುಟ್ಟಿದ ಮಗಳಿಗೆ ಪ್ರೋಬಯಾಟಿಕ್

ದಾವಣಗೆರೆಯಲ್ಲಿ 30 ವಾರಕ್ಕೇ ಹುಟ್ಟಿದ ಮಗಳಿಗೆ ಪ್ರೋಬಯಾಟಿಕ್ (ಕರುಳಿಗೆ ಒಳ್ಳೇದು ಮಾಡುವ ಜೀವಂತ ಬ್ಯಾಕ್ಟೀರಿಯಾ) ಕೊಡಿಸಬಹುದಾ ಅಂತ ಹೋದ ತಿಂಗಳು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್.

ಡಾಕ್ಟರ್ ಬಿಡಿಸಿ ಹೇಳಿದರು. ಇಂಥ ಮಕ್ಕಳ ಕರುಳು ಇನ್ನೂ ಬಲಿತಿರುವುದಿಲ್ಲ. ಎನ್‌ಇಸಿ ಅಂತ ಕರುಳೇ ಕೊಳೆಯುವ ಕಾಯಿಲೆ ಬರಬಹುದು, ಒಳ್ಳೆ ಬ್ಯಾಕ್ಟೀರಿಯಾ ಆ ಅಪಾಯ ತಗ್ಗಿಸಬಹುದು. 32 ವಾರಕ್ಕೆ ಮುಂಚೆ ಹುಟ್ಟಿ, ಎದೆಹಾಲು ಕುಡಿಯುವ ಮಕ್ಕಳಿಗೆ ಕೊಡುವ ಬಗ್ಗೆ ಯೋಚಿಸಬಹುದು ಅಂತ 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಹೇಳಿದೆ. ಆದರೆ ಅದೇ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿದರೆ ಜೀವಕ್ಕೇ ಕುತ್ತು. 2023ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಸಿದ್ದು ಇದಕ್ಕೇ. ದಯವಿಟ್ಟು ಮೆಡಿಕಲ್ ಶಾಪಿನ ಸ್ಯಾಶೆ ತಂದು ಸುಮ್ನೆ ಹಾಕಬೇಡಿ.

ನಮ್ಮವಳಿಗೆ ಡಾಕ್ಟರ್ ಕಣ್ಗಾವಲಲ್ಲೇ ಶುರು ಮಾಡಿದರು. ಜಾಸ್ತಿ ಒತ್ತು ಎದೆಹಾಲಿಗೇ. ಮೊದಲು ಟ್ಯೂಬಿನಲ್ಲಿ 2 ಎಂಎಲ್ ಹೋಗುತ್ತಿತ್ತು. ನಿನ್ನೆ ಅಜ್ಜಿಯ ಕೈಯಲ್ಲಿ ಒಳಲೆಯಿಂದ ಚಪ್ಪರಿಸಿ ಕುಡಿದಳು. ಈಗ 1.8 ಕೆಜಿ.