ಪದ ಬೇಕು, ಬೇಗ: ಗುಂಡಿನ ವೇಗ ಅಳೆಯುವ ‘ಕ್ರೋನೋಗ್ರಾಫ್’

ಎಲ್ಲರಿಗೂ ನಮಸ್ಕಾರ.

ಗುರಿ ಹೊಡೆಯುವ ಆಟಕ್ಕೆ ಹೊಸದಾಗಿ ಬಂದವರಿಗಾಗಿ ಒಂದು ಸಣ್ಣ ಕೈಪಿಡಿ ಅನುವಾದ ಮಾಡುತ್ತಿದ್ದೇನೆ. ಕಡಿಮೆ ದುಡ್ಡಿನಲ್ಲಿ ಮೊದಲ ಕ್ರೋನೋಗ್ರಾಫ್ ಆರಿಸುವುದು ಹೇಗೆ ಅನ್ನೋದು ವಿಷಯ. ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ‘ಕಾಲಲೇಖಿ’ ಎಂದು ಬರೆದು ನೋಡಿದೆ. ಅದನ್ನು ಓದಿದವರಿಗೆ ಇದು ಗುಂಡಿನ ವೇಗ ಹೇಳುವ ಯಂತ್ರ ಅಂತ ಗೊತ್ತಾಗುವುದೇ ಇಲ್ಲ. ಇನ್ನೂ ಮೂರು ಪದ ಬೇಕು: ‘ಸ್ಕೈ ಸ್ಕ್ರೀನ್’, ‘ಮಝಲ್ ವೆಲಾಸಿಟಿ’, ‘ಎಕ್ಸ್‌ಟ್ರೀಮ್ ಸ್ಪ್ರೆಡ್’. ದಯವಿಟ್ಟು ಸಹಾಯ ಮಾಡಿ.

ಮರು:

ಕಾಲಲೇಖಿಯಲ್ಲಿ ಏನು ತಪ್ಪು? ಗ್ರೀಕಿನಲ್ಲಿ ಕ್ರೋನೋಸ್ ಎಂದರೆ ಕಾಲ, ಗ್ರಾಫೋ ಎಂದರೆ ಬರೆಯುವುದು. 1821ರಲ್ಲಿ ರಿಯೂಸೆಕ್ ಮಾಡಿದ ಯಂತ್ರ ಗಡಿಯಾರದ ಮುಖದ ಮೇಲೆ ಶಾಯಿಯ ಚುಕ್ಕೆ ಇಟ್ಟು ನಿಜಕ್ಕೂ ಕಾಲವನ್ನು ಬರೆಯುತ್ತಿತ್ತು. ಪದ ಅಚ್ಚುಕಟ್ಟಾಗಿದೆ. ಓದುಗರಿಗೆ ಗೊತ್ತಿಲ್ಲದಿದ್ದರೆ ಕಲಿಯಲಿ.

ಮರು:

ಅದು ಕುದುರೆ ಓಟಕ್ಕೆ ಮಾಡಿದ ಯಂತ್ರ. ಮೇಡಂ ಕೇಳಿದ್ದು ಬೇರೆ.

ಗುಂಡಿನ ವಿಷಯಕ್ಕೆ ಬಂದರೆ, 1742ರಲ್ಲಿ ಬೆಂಜಮಿನ್ ರಾಬಿನ್ಸ್ ತೂಗುವ ಮರದ ತುಂಡಿಗೆ ಗುಂಡು ಹೊಡೆದು, ಅದು ಎಷ್ಟು ತೂಗಿತು ಎಂದು ನೋಡಿ ವೇಗ ಲೆಕ್ಕ ಹಾಕಿದ್ದನ್ನು ಪ್ರಕಟಿಸಿದ. ಅದರಲ್ಲಿ ಕಾಲವೂ ಇಲ್ಲ, ಬರಹವೂ ಇಲ್ಲ. 1860ರ ದಶಕದಲ್ಲಿ ಬೆಲ್ಜಿಯಂನ ಲ ಬುಲಾಂಜೆ ಮಾಡಿದ್ದರಲ್ಲಿ ಎರಡೂ ಇದ್ದವು. ಗುಂಡು ಮೊದಲ ತಂತಿ ಹರಿದಾಗ ಒಂದು ಸರಳು ಬೀಳಲು ಶುರು. ಎರಡನೆಯ ತಂತಿ ಹರಿದಾಗ ಇನ್ನೊಂದು ಬಿದ್ದು, ಒಂದು ಚಾಕು ಚಿಮ್ಮಿ ಮೊದಲ ಸರಳಿನ ಮೇಲೆ ಗೀರು ಹಾಕುತ್ತಿತ್ತು. ಗೀರು ಎಲ್ಲಿದೆ ಎಂದು ಅಳೆದರೆ ಸಮಯ ಸಿಕ್ಕಿತು.

ಇವತ್ತಿನ ಅಗ್ಗದ ಯಂತ್ರ ಏನನ್ನೂ ಬರೆಯುವುದಿಲ್ಲ. ಎರಡು ಸೆನ್ಸರ್, ನಡುವೆ 30 ಸೆಂ.ಮೀ. ಅಂತರ ಎಂದುಕೊಳ್ಳಿ. ಗುಂಡು ಸೆಕೆಂಡಿಗೆ 300 ಮೀಟರ್ ಹೋಗುತ್ತಿದ್ದರೆ ಅದನ್ನು ದಾಟಲು ಒಂದು ಮಿಲಿಸೆಕೆಂಡ್ ಸಾಕು. ಯಂತ್ರ ಅದನ್ನು ಎಣಿಸಿ ಭಾಗಿಸುತ್ತದೆ, ಅಷ್ಟೇ. ರೇಡಾರ್ ಬಗೆಯದರಲ್ಲಿ ಇದೂ ಇಲ್ಲ. ಹಿಂದಿರುಗಿದ ಅಲೆಯ ಆವರ್ತನ ಎಷ್ಟು ಬದಲಾಯಿತು ಎಂದು ನೋಡಿ ವೇಗ ಹೇಳುತ್ತದೆ. ಹಾಗಾಗಿ ‘ಲೇಖಿ’ ಬೇಡ, ‘ಕಾಲ’ವೂ ಬೇಡ. ‘ಗುಂಡಿನ ವೇಗಮಾಪಕ’ ಎನ್ನಿ.

ಮರು:

> ‘ಗುಂಡಿನ ವೇಗಮಾಪಕ’ ಎನ್ನಿ

ವೇಗ ತಪ್ಪು. ನಮ್ಮ ಪಠ್ಯಪುಸ್ತಕಗಳಲ್ಲಿ ದಿಕ್ಕು ಸೇರಿದರೆ ವೇಗ, ಸೇರದಿದ್ದರೆ ಜವ. ಈ ಯಂತ್ರ ದಿಕ್ಕು ಹೇಳುವುದಿಲ್ಲ. ‘ಜವಮಾಪಕ’ ಮಾತ್ರ ಸರಿ.

ಮರು:

ಬಂದೂಕಿನ ಕೈಪಿಡಿಯಲ್ಲಿ ‘ಗುಂಡಿನ ಜವ’ ಎಂದು ಬರೆಯುತ್ತೀರಾ? ಕನ್ನಡದಲ್ಲಿ ಜವ ಎಂದರೆ ಯಮ. ಜವರಾಯ ಬಂದ ಎಂದರೆ ಯಾರು ಬಂದ ಹಾಗೆ? ತರಗತಿಯ ಲೆಕ್ಕ ತರಗತಿಯಲ್ಲೇ ಇರಲಿ.

ಮರು:

ಕಾಲ, ವೇಗ, ಜವ, ಮಾಪಕ, ಎಲ್ಲವೂ ಸಂಸ್ಕೃತ. ಕನ್ನಡದಲ್ಲಿ ಬಿರುಸು ಇದೆ, ಅಳೆ ಇದೆ. ‘ಬಿರುಸಳಕ’ ಎನ್ನಿ. ಮಝಲ್‌ಗೆ ‘ಕೋವಿಬಾಯಿ’. ಕೋವಿ ಎಂದರೆ ಮೊದಲಿಗೆ ಕೊಳವೆ, ಆಮೇಲೆ ಬಂದೂಕು. ಇಷ್ಟು ಒಳ್ಳೆಯ ಪದ ಮನೆಯಲ್ಲೇ ಇರುವಾಗ ‘ಬಂದೂಕು’ ಎಂದು ಬರೆಯುವುದೇ ನನಗೆ ನೋವು ಕೊಡುತ್ತದೆ.

ಮರು:

ಕೋವಿಬಾಯಿ ಚೆನ್ನಾಗಿದೆ. ಬಿರುಸಳಕ ಬೇಡ. ಮಳೆಯೂ ಬಿರುಸು, ಮಾತೂ ಬಿರುಸು. ಅದರಲ್ಲಿ ಜೋರು ಇದೆ, ಸೆಕೆಂಡಿಗೆ ಎಷ್ಟು ದೂರ ಅನ್ನೋದು ಇಲ್ಲ.

ಬಂದೂಕಿನ ಮೇಲೆ ಸಿಟ್ಟು ಯಾಕೆ? ಆ ಪದ ಅರಬ್ಬಿಯ ‘ಬುಂದುಕ್’ನಿಂದ ಬಂದಿದೆ. ಅದು ಹೇಝಲ್ ಕಾಯಿಯ ಹೆಸರು. ಕಪ್ಪು ಸಮುದ್ರದ ಪೊಂಟಸ್ ಸೀಮೆಯ ಕಾಯಿ ಎಂಬ ಗ್ರೀಕ್ ಹೆಸರಿನಿಂದ ಅರಬ್ಬಿಗೆ ಹೋಯಿತು. ಕಾಯಿಯ ಹೆಸರು ಬಿಲ್ಲಿನಿಂದ ಹೊಡೆಯುವ ಸಣ್ಣ ಉಂಡೆಗೆ ಬಂತು. ಉಂಡೆಯಿಂದ ಅದನ್ನು ಹೊಡೆಯುವ ಆಯುಧಕ್ಕೆ. ಅಂದರೆ ಬಂದೂಕಿನೊಳಗೆ ಗುಂಡು ಮೊದಲೇ ಕೂತಿದೆ! ಇಂಥ ಪದವನ್ನು ಹೊರಗಿನದು ಅಂತ ತಳ್ಳುವುದು ನನಗೆ ಒಪ್ಪಿಗೆ ಇಲ್ಲ. ಆಡುವವರು ಆಡಿ ತಮ್ಮದು ಮಾಡಿಕೊಂಡಿದ್ದಾರೆ.

ಮರು:

ಹೀಗೆ ಹೇಳಿಹೇಳಿಯೇ ಇದ್ದ ಪದಗಳನ್ನು ಕಳೆದುಕೊಂಡೆವು. ಎರವಲು ತಂದ ಪ್ರತಿಯೊಂದು ಪದವೂ ಒಂದು ಕನ್ನಡ ಪದದ ಜಾಗದಲ್ಲಿ ಕೂರುತ್ತದೆ. ನಾನು ಇದರಲ್ಲಿ ರಾಜಿ ಆಗುವುದಿಲ್ಲ.

ಮರು:

ಎರವಲು ಜಗಳ ಬೇರೆ ಪತ್ರದಲ್ಲಿ ಆಡಿ, ದಯವಿಟ್ಟು. ನನಗೆ ‘ಸ್ಕೈ ಸ್ಕ್ರೀನ್’ ಇನ್ನೂ ಸಿಕ್ಕಿಲ್ಲ. ಸದ್ಯಕ್ಕೆ ‘ಆಕಾಶಪರದೆ’ ಎಂದಿಟ್ಟಿದ್ದೇನೆ.

ಮರು:

ಮೇಡಂ, ‘ಆಕಾಶಪರದೆ’ಯನ್ನು ಈಗಲೇ ತೆಗೆಯಿರಿ. ಹೊಸಬರು ಅದನ್ನು ಓದಿ ಗುಂಡು ಪರದೆ ತೂರಿಕೊಂಡು ಹೋಗಬೇಕು ಎಂದುಕೊಳ್ಳುತ್ತಾರೆ. ಹಿಂದೆ ತಂತಿ ಕಟ್ಟಿದ ಚೌಕಟ್ಟನ್ನು ಗುಂಡು ಹರಿದೇ ಹೋಗುತ್ತಿತ್ತು, ನಿಜ. ಈಗಿನದು ಮೇಲ್ಮುಖವಾಗಿ ಬೆಳಕು ನೋಡುವ ಸೆನ್ಸರ್. ಗುಂಡು ಮೇಲೆ ಹಾದಾಗ ಬೆಳಕು ಒಂದು ಚೂರು ತಗ್ಗುತ್ತದೆ, ಅದನ್ನು ಹಿಡಿಯುತ್ತದೆ. ‘ಬೆಳಕಿನ ಸೆನ್ಸರ್’ ಎಂದರೆ ಸಾಕು. ಅದರ ಮೇಲಿನ ಬಿಳಿ ಪ್ಲಾಸ್ಟಿಕ್ಕಿಗೆ ‘ಬಿಳಿ ಚಾವಣಿ’. ಬಿಸಿಲಿನಲ್ಲಿ ಅದು ಬೇಕೇ ಬೇಕು. ಮೋಡ ಮುಚ್ಚಿದ ದಿನ ಅದಿಲ್ಲದೆಯೂ ಯಂತ್ರ ಚೆನ್ನಾಗಿ ಓದುತ್ತದೆ. ಒಳಾಂಗಣದಲ್ಲಿ ಟ್ಯೂಬ್‌ಲೈಟಿನ ಮಿಣುಕು ಅದನ್ನು ಹಾದಿ ತಪ್ಪಿಸುತ್ತದೆ.

ಈ ಪದ ಸರಿಯಾಗಿದ್ದರೆ ಕೊಳ್ಳುವವರಿಗೂ ದಾರಿ ಕಾಣುತ್ತದೆ. ದುಡ್ಡು ಕಡಿಮೆ ಇದ್ದರೆ ಬೆಳಕಿನ ಸೆನ್ಸರಿನದೇ ಮೊದಲ ಆಯ್ಕೆ. ಆದರೆ ಗುಂಡು ಅದರ ಮೇಲೇ ಹಾಯಬೇಕು. ಸ್ವಲ್ಪ ಕೆಳಗೆ ಹೊಡೆದರೆ ಯಂತ್ರವೇ ಹೋಯಿತು. ಹಾಗಾಗಿ ಓದು ತೋರಿಸುವ ಪೆಟ್ಟಿಗೆ ಸೆನ್ಸರಿನಿಂದ ಬೇರೆಯಾಗಿ, ಕೈಯ ಹತ್ತಿರ ಇರುವಂಥದ್ದನ್ನು ನೋಡಿ. ಮಡಚುವಂಥದ್ದಾದರೆ ಪೂರ್ತಿ ಬಿಚ್ಚಬೇಕು. 30 ಸೆಂ.ಮೀ. ಅಂತರದಲ್ಲಿ 3 ಮಿ.ಮೀ. ಕಡಿಮೆ ಆದರೂ ನೂರಕ್ಕೆ ಒಂದು ತಪ್ಪು, 300 ಇದ್ದದ್ದು 303 ಎಂದು ತೋರಿಸುತ್ತದೆ. ನಳಿಗೆಗೆ ಕಟ್ಟುವ ಬಗೆ ಲೋಹದ ಗುಂಡನ್ನು ಕಾಂತಕ್ಷೇತ್ರದಿಂದ ಹಿಡಿಯುತ್ತದೆ. ಬೆಳಕಿನ ಗೊಡವೆ ಇಲ್ಲ. ಆದರೆ ನಳಿಗೆಗೆ ಭಾರ ಬಿದ್ದು ಗುಂಡು ತಾಗುವ ಜಾಗ ಸರಿಯುತ್ತದೆ. ರೇಡಾರ್ ಪಕ್ಕದಲ್ಲಿ ಕೂರುತ್ತದೆ, ಗುಂಡಿನ ದಾರಿಗೆ ಬರುವುದಿಲ್ಲ. ಬೆಲೆ ಜಾಸ್ತಿ.

‘ಕೋವಿಬಾಯಿ ವೇಗ’ ಎಲ್ಲಿ ಹಾಕುತ್ತೀರಿ ನೋಡಿಕೊಳ್ಳಿ. ಹೊಗೆ ಮತ್ತು ಗಾಳಿಯ ಹೊಡೆತವನ್ನೇ ಗುಂಡು ಎಂದು ಓದದಿರಲಿ ಅಂತ ಬೆಳಕಿನ ಯಂತ್ರವನ್ನು ಬಾಯಿಯಿಂದ ಮೂರು ನಾಲ್ಕು ಮೀಟರ್ ಮುಂದೆ ಇಡುತ್ತಾರೆ. ಅಷ್ಟರಲ್ಲಿ ಗುಂಡು ಸ್ವಲ್ಪ ನಿಧಾನವಾಗಿರುತ್ತದೆ. ಯಂತ್ರ ತೋರಿಸಿದ್ದು ಅಲ್ಲಿನ ವೇಗ, ಬಾಯಿಯ ವೇಗ ಅಲ್ಲ.

ಮರು:

> ‘ಬೆಳಕಿನ ಸೆನ್ಸರ್’ ಎಂದರೆ ಸಾಕು

ಸೆನ್ಸರ್ ಯಾವಾಗ ಕನ್ನಡವಾಯಿತು?

ಮರು:

ಅಂಗಡಿಯವರು, ಮೆಕ್ಯಾನಿಕ್ಕು, ಕೊಳ್ಳುವವರು ಮೂವರೂ ಬೇರೆ ಪದ ಆಡದೇ ಇದ್ದಾಗ.

ಮೇಡಂ, ‘ಎಕ್ಸ್‌ಟ್ರೀಮ್ ಸ್ಪ್ರೆಡ್’ ಉಳಿದಿದೆ. ಸುಮ್ನೆ ‘ಹರವು’ ಎಂದು ಬಿಡಬೇಡಿ. ಗುರಿಹಲಗೆಯಲ್ಲಿ ದೂರದ ಎರಡು ತೂತುಗಳ ಅಂತರಕ್ಕೂ ಇಂಗ್ಲಿಷಿನಲ್ಲಿ ಅದೇ ಹೆಸರು. ಇಲ್ಲಿ ಬೇಕಾದ್ದು ಎಲ್ಲಕ್ಕಿಂತ ವೇಗದ ಗುಂಡಿಗೂ ನಿಧಾನದ ಗುಂಡಿಗೂ ಇರುವ ವ್ಯತ್ಯಾಸ. ‘ವೇಗದ ಹರವು’ ಎನ್ನಿ. ಮೂರು ಗುಂಡು ಹೊಡೆದು ಹರವು ಹೇಳಬಾರದು, ಕನಿಷ್ಠ ಹತ್ತು ಬೇಕು ಎಂದೂ ಒಂದು ಸಾಲು ಸೇರಿಸಿ.

ಮರು:

ತುಂಬಾ ಉಪಕಾರವಾಯಿತು. ತಲೆಬರಹಕ್ಕೆ ‘ಗುಂಡಿನ ವೇಗಮಾಪಕ’, ಒಳಗೆ ಒಂದು ಸಲ ‘ಕ್ರೋನೋಗ್ರಾಫ್’. ಪೆಟ್ಟಿಗೆಯ ಮೇಲೆ ಅದೇ ಇರುತ್ತೆ ಅಲ್ವಾ. ‘ಕೋವಿಬಾಯಿ ವೇಗ’, ‘ಬೆಳಕಿನ ಸೆನ್ಸರ್’, ‘ವೇಗದ ಹರವು’ ಹಾಗೇ ಹಾಕುತ್ತೇನೆ. ‘ಎಫ್‌ಪಿಎಸ್’ಗೆ ‘ಅಡಿ/ಸೆ.’ (ಸೆಕೆಂಡಿಗೆ ಎಷ್ಟು ಅಡಿ) ಎಂದು ಬರೆಯಬಹುದಾ?

ಮರು:

ಬರೆಯಿರಿ. ಪಕ್ಕದಲ್ಲಿ ಮೀಟರ್ ಲೆಕ್ಕವನ್ನೂ ಕೊಡಿ: 1000 ಅಡಿ ಎಂದರೆ 304.8 ಮೀಟರ್.

ಮರು:

ಜವದ ಬಗ್ಗೆ ನನ್ನ ಮಾತಿಗೆ ಯಾರೂ ಸರಿಯಾದ ಉತ್ತರ ಕೊಟ್ಟಿಲ್ಲ. ಬೇರೆ ಪತ್ರ ತೆರೆಯುತ್ತೇನೆ.